ಜೇವರ್ಗಿಯ ಮಣ್ಣು, ಸುರಪುರದ ಅಂಗಿ

ಕಮಲಾಪುರದ ದೊಡ್ಡಪ್ಪನ ಮನೆಗೆ ಯಾವಾಗ ಹೋದರೂ ಊಟಕ್ಕೆ ಮುಂಚೆ ಕೆಂಪು ಬಾಳೆಹಣ್ಣು ಬರುತ್ತದೆ. ಈ ಸಲ ಹಣ್ಣಿನ ಜೊತೆ ಜಗಳವೂ ಬಂತು. ಕಲಬುರಗಿಯಲ್ಲಿ ಬಿ.ಎಸ್ಸಿ. ಮುಗಿಸಿದ ತಂಗಿ ಧಾರವಾಡಕ್ಕೆ ಹೋಗಿ ಫೊರೆನ್ಸಿಕ್ ಸೈನ್ಸ್ ಓದುತ್ತೇನೆ ಎಂದು ಹಟ ಹಿಡಿದಿದ್ದಳು.

"ಹೆಣಾ ಕೊಯ್ಯೋದು ಕಲೀಲಾಕ ಧಾರವಾಡಕ್ಕ ಯಾಕ ಹೋಗಬೇಕೋ ತಮ್ಮಾ? ನೀನರ ಹೇಳು ಅಕಿಗಿ" ಎಂದರು ದೊಡ್ಡಪ್ಪ. ಯೂನಿವರ್ಸಿಟಿಯಲ್ಲಿ ಇರುವವನಿಗೆ ಎಲ್ಲ ಓದಿನ ವಿಷಯವೂ ಗೊತ್ತಿರುತ್ತದೆ ಎಂಬುದು ನಮ್ಮ ಮನೆಯವರ ನಂಬಿಕೆ. ನಾನು ಇತಿಹಾಸದಲ್ಲಿ ಪಿಎಚ್‌.ಡಿ. ಮಾಡುತ್ತಿರುವವನು. ಐದು ವರ್ಷದಿಂದ ಅದಕ್ಕೇ ಒಂದು ಉತ್ತರ ಹೇಳಲಾಗಿಲ್ಲ, ಇನ್ನು ಇದಕ್ಕೇನು ಹೇಳಲಿ.

ಹೆಣ ಕೊಯ್ಯುವವರು ವೈದ್ಯರು ಎಂದೆ. ವಿಷದ ಸಾವಾದರೆ ಅವರು ಕರುಳು, ಪಿತ್ತಜನಕಾಂಗದ ತುಂಡುಗಳನ್ನು ಉಪ್ಪುನೀರಿನ ಬಾಟಲಿಯಲ್ಲಿಟ್ಟು ಮೊಹರು ಮಾಡಿ ಕಳಿಸುತ್ತಾರೆ. ಆ ಬಾಟಲಿ ಹೋಗುವ ಕಡೆ ಕೂತಿರುವವರು ಇವರು. ಅಂಥ ಪ್ರಯೋಗಾಲಯ ಬೆಂಗಳೂರಿನ ಮಡಿವಾಳದಲ್ಲಿದೆ, ನಮ್ಮ ಕಲಬುರಗಿಯಲ್ಲೂ ಒಂದು ಪ್ರಾದೇಶಿಕ ಪ್ರಯೋಗಾಲಯ ಇದೆ. ದೊಡ್ಡಪ್ಪನಿಗೆ ಅರ್ಧ ಸಮಾಧಾನ ಆಯಿತು. "ನೌಕರಿ ಸಿಗತದೇನು?" ಎಂಬುದು ಉಳಿದರ್ಧ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಏಳು ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆ ಇರುವ ಅಪರಾಧ ನಡೆದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೇ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು. ಇದನ್ನು ಜಾರಿಗೊಳಿಸಲು ರಾಜ್ಯಗಳಿಗೆ ಐದು ವರ್ಷದ ಅವಕಾಶವಿದೆ. ಹಾಗಾಗಿ ಜನ ಬೇಕಾಗುತ್ತಾರೆ ಎಂದೆ.

ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಆದರೆ ನನ್ನ ಬ್ಯಾಗಿನಲ್ಲಿ ಫಿಲಿಪ್ ಮೆಡೋಸ್ ಟೇಲರ್‌ನ ಆತ್ಮಕಥೆ ಇತ್ತು. ಈ ವಿದ್ಯೆ ಬೆಂಗಳೂರಿನಿಂದಲೋ ದಿಲ್ಲಿಯಿಂದಲೋ ನಮ್ಮ ಕಡೆಗೆ ಬಂದದ್ದು ಎಂದು ತಂಗಿ ತಿಳಿದುಕೊಂಡಿದ್ದು ನನಗೆ ಸರಿಕಾಣಲಿಲ್ಲ.

ಟೇಲರ್ 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದವನು. ಹದಿನೈದರ ವಯಸ್ಸಿಗೆ ಮುಂಬಯಿಗೆ ಬಂದು, ಆಮೇಲೆ ನಿಜಾಮನ ಸೈನ್ಯ ಸೇರಿದ. ದಾರಿಹೋಕರ ಜೊತೆ ಸ್ನೇಹ ಬೆಳೆಸಿ, ಕರವಸ್ತ್ರದಿಂದ ಕುತ್ತಿಗೆ ಬಿಗಿದು ಕೊಂದು ಹೂಳುತ್ತಿದ್ದರು ಎನ್ನಲಾದ ಥಗ್ಗರ ಬೇಟೆ 1830ರ ದಶಕದಲ್ಲಿ ಜೋರಾಗಿತ್ತು. (ನಮ್ಮ ಮಾತಿನ ಠಕ್ಕ ಕೂಡ ಇದೇ ಪದ.) ಬೇಟೆಯ ಮುಂದಾಳು ವಿಲಿಯಂ ಸ್ಲೀಮನ್, ಅವನ ಠಾಣೆ ಮಧ್ಯಪ್ರದೇಶದ ಸಾಗರ್, ನಮ್ಮ ಶಿವಮೊಗ್ಗದ ಸಾಗರವಲ್ಲ. ಸಿಕ್ಕಿಬಿದ್ದವನಿಗೆ ಪ್ರಾಣ ಉಳಿಸುವ ಆಸೆ ತೋರಿಸಿ ಮಾಫಿ ಸಾಕ್ಷಿ ಮಾಡುವುದು ಸ್ಲೀಮನ್ನನ ಪದ್ಧತಿ. ಫಿರಂಗಿಯಾ ಎಂಬ ಥಗ್ ತೋರಿಸಿದ ಕಡೆ ಅಗೆಸಿದಾಗ, ಸ್ಲೀಮನ್ನನ ಡೇರೆ ಹಾಕಿದ್ದ ತೋಪಿನಲ್ಲೇ ಹೆಣಗಳು ಸಿಕ್ಕವು. ಹೈದರಾಬಾದಿನ ಹತ್ತಿರದ ಬೊಲ್ಲಾರಂನಲ್ಲಿ ಟೇಲರ್ ಕೂಡ ದಿನಗಟ್ಟಲೆ ಇಂಥ ಹೇಳಿಕೆಗಳನ್ನು ಬರೆದುಕೊಂಡ. ಅದರಿಂದಲೇ 1839ರಲ್ಲಿ ಅವನ ಪ್ರಸಿದ್ಧ ಕಾದಂಬರಿ 'ಕನ್ಫೆಷನ್ಸ್ ಆಫ್ ಎ ಥಗ್' ಬಂತು.

ಇಲ್ಲಿಯವರೆಗೆ ತಂಗಿಗೆ ಖುಷಿ. ಬಾಯಿಮಾತು ಹೇಳಿತು, ಮಣ್ಣು ಅದನ್ನು ಹೌದೆಂದಿತು. ಆಮೇಲಿನದು ಅವಳಿಗೆ ಹಿಡಿಸಲಿಲ್ಲ. 1836ರ 30ನೇ ಕಾಯ್ದೆ ಬಂದ ಮೇಲೆ ಇಂಥವನು ಇಂಥವನನ್ನು ಕೊಂದ ಎಂದು ರುಜುವಾತು ಮಾಡುವ ಅಗತ್ಯವೇ ಹೋಯಿತು. ಥಗ್ಗರ ಗುಂಪಿಗೆ ಸೇರಿದವನು ಎಂದು ತೋರಿಸಿದರೆ ಸಾಕು, ಜೀವಾವಧಿ. ಹಾಗೆ ತೋರಿಸುವವನು ಬಹುತೇಕ ತನ್ನ ಕುತ್ತಿಗೆ ಉಳಿಸಿಕೊಳ್ಳಬೇಕಾದ ಇನ್ನೊಬ್ಬ ಕೈದಿ. ಅದೇ ಕಾಲಕ್ಕೆ ಹೆನ್ರಿ ಸ್ಪ್ರೈ ಎಂಬ ವೈದ್ಯ ಸಾಗರ್‌ನಲ್ಲಿ ಗಲ್ಲಿಗೇರಿದ ಏಳು ಮಂದಿಯ ತಲೆಬುರುಡೆಗಳನ್ನು ಎಡಿನ್‌ಬರೋಗೆ ಕಳಿಸಿಕೊಟ್ಟ. ಅಲ್ಲಿಯ ಪಂಡಿತರು ಬುರುಡೆಯ ಉಬ್ಬುತಗ್ಗು ಅಳೆದು ಕೊಲೆಗಾರನ ಗುಣ ಹುಡುಕಿದರು. ಅದೂ ಆಗ ವಿಜ್ಞಾನವೇ! ಹುಟ್ಟಿನಿಂದಲೇ ಅಪರಾಧಿ ಎಂಬ ಈ ನಂಬಿಕೆ 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಾಯಿತು, 1952ರವರೆಗೆ ಹೋಗಲಿಲ್ಲ. ಹುಬ್ಬಳ್ಳಿಯಲ್ಲಿ ಆ ಜನರನ್ನು ತಂತಿಬೇಲಿಯೊಳಗೆ ಇಟ್ಟಿದ್ದ ಜಾಗಕ್ಕೆ ಇಂದಿಗೂ ಸೆಟ್ಲ್‌ಮೆಂಟ್ ಎಂದೇ ಹೆಸರು.

ಇನ್ನು ನಮ್ಮ ಸೀಮೆಯ ಕತೆ. 1840ರ ದಶಕದ ಆರಂಭದಿಂದ 1853ರವರೆಗೆ ಟೇಲರ್ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ. ಜನ ಅವನನ್ನು ಮಹಾದೇವ ಬಾಬಾ ಎನ್ನುತ್ತಿದ್ದರಂತೆ. ಅವನ ಬಂಗಲೆ ಟೇಲರ್ ಮಂಜಿಲ್ ಈಗಲೂ ಸುರಪುರದ ಗುಡ್ಡದ ಮೇಲಿದೆ. 1850ರ ಆಸುಪಾಸಿನಲ್ಲಿ ಅವನು ಭೀಮಾ ದಂಡೆಯ ಫಿರೋಜಾಬಾದಿನ ಹತ್ತಿರ, ಜೇವರ್ಗಿಯಲ್ಲಿ, ಹೊಲಗಳ ನಡುವೆ ಇದ್ದ ಕಲ್ಲುಗುಪ್ಪೆಗಳನ್ನು ಅಗೆಸಿದ. ಕಬ್ಬಿಣಯುಗದ ಬೃಹತ್‌ಶಿಲಾ ಸಮಾಧಿಗಳು ಎಂದು ಈಗ ನಾವು ಕರೆಯುವಂಥವು. ಒಳಗೆ ಮಡಕೆ, ಕಬ್ಬಿಣದ ಸಾಮಾನು, ಎಲುಬು. ಕೆಲವು ಅಸ್ಥಿಪಂಜರಗಳಿಂದ ತಲೆ ಬೇರೆಯಾಗಿತ್ತು. ಬಲಿ ಕೊಟ್ಟಿರಬೇಕು ಎಂದು ಅವನು ಊಹಿಸಿದ.

ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಅವನು ಮಾಡಿದ ಇನ್ನೊಂದು ಕೆಲಸ. ಗುಂಡಿಯ ಗೋಡೆಯನ್ನು ನೇರವಾಗಿ ಕೊಯ್ದು, ಮೇಲೆ ಕಲ್ಲು, ಕೆಳಗೆ ಸಡಿಲ ಮಣ್ಣು, ಅದರ ಕೆಳಗೆ ಯಾವ ಮಟ್ಟದಲ್ಲಿ ಯಾವ ಎಲುಬು ಎಂದು ಅಡ್ಡಕೊಯ್ತದ ಚಿತ್ರ ಬರೆದಿಟ್ಟ. ಆ ಕಾಲದಲ್ಲಿ ಯುರೋಪಿನಲ್ಲೂ ಹೆಚ್ಚಿನವರು ಸಮಾಧಿ ಅಗೆಯುತ್ತಿದ್ದದ್ದು ಒಳಗಿನ ವಸ್ತುವಿಗಾಗಿ. ನೂರು ವರ್ಷದ ಮೇಲೆ, 1954ರ ತನ್ನ ಪುಸ್ತಕದಲ್ಲಿ ಮಾರ್ಟಿಮರ್ ವ್ಹೀಲರ್ ಟೇಲರ್‌ನ ಚಿತ್ರವನ್ನು ಮತ್ತೆ ಅಚ್ಚು ಹಾಕಿ ಹೊಗಳಿದ.

ಟೇಲರ್ ಕೊನೆಗೆ ಕೊಟ್ಟ ತೀರ್ಪು ಮಾತ್ರ ತಪ್ಪು. ಇವು ಬ್ರಿಟನ್ನಿನ ಡ್ರುಯಿಡರ, ಸಿಥಿಯನ್ನರ ಸಂಬಂಧಿಕರದು ಎಂದು ಬರೆದ. ಆದರೂ ಅವನು ತಪ್ಪಿದ್ದು ನಮಗೆ ಗೊತ್ತಾಗುವುದು ಹೇಗೆ? ಕಂಡದ್ದನ್ನು ಒಂದು ಕಡೆ, ತಾನು ಅಂದುಕೊಂಡದ್ದನ್ನು ಇನ್ನೊಂದು ಕಡೆ ಇಟ್ಟ. ಆ ಚಿತ್ರ ಹಿಡಿದು ಇವತ್ತಿನ ವಿದ್ಯಾರ್ಥಿಯೂ ಅವನ ಜೊತೆ ವಾದಕ್ಕೆ ಇಳಿಯಬಹುದು. ಮಾಫಿ ಸಾಕ್ಷಿಯ ಮಾತಿನ ಮೇಲೆ ಜೀವಾವಧಿಗೆ ಹೋದವನಿಗೆ ಆ ಅವಕಾಶ ಇರಲಿಲ್ಲ. ಜೇವರ್ಗಿಯಲ್ಲಿ ಬಾಯಿಬಿಡುವವರು ಯಾರೂ ಇಲ್ಲದ್ದರಿಂದಲೇ ಅವನಿಗೆ ಮಣ್ಣನ್ನು ಓದುವುದು ಬಂತು ಎಂದು ನನಗೆ ಅನ್ನಿಸುತ್ತದೆ.

"ಮತ್ತ ಬೆರಳಚ್ಚು ಯಾವಾಗ ಬಂತಣ್ಣ?" ಎಂದಳು ತಂಗಿ. ಅವಳ ಪ್ರವೇಶ ಪರೀಕ್ಷೆಯ ಪುಸ್ತಕದಲ್ಲಿ ಅದೇ ಮೊದಲ ಪಾಠ. ಬೇಗ ಹೇಳಿ ಮುಗಿಸಿದೆ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ರಾಜ್ಯಧರ ಕೊನಾಯ್ ಎಂಬ ಗುತ್ತಿಗೆದಾರನ ಅಂಗೈ ಅಚ್ಚನ್ನು ಕರಾರುಪತ್ರದ ಮೇಲೆ ಹಾಕಿಸಿಕೊಂಡ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಬ್ಯೂರೊ ಶುರುವಾಯಿತು, ಲಂಡನ್ನಿನದಕ್ಕಿಂತ ನಾಲ್ಕು ವರ್ಷ ಮೊದಲು. ಅಚ್ಚುಗಳನ್ನು ವಿಂಗಡಿಸುವ ಗಣಿತದ ಹಿಂದೆ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಇಬ್ಬರ ದುಡಿಮೆ ಇತ್ತು. ಹೆಸರು ಮಾತ್ರ ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದು. ಗೈಡ್ ಮತ್ತು ಸಂಶೋಧಕನ ಸಂಬಂಧ ತಿಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಓದಿನ ಮಾತು. ದೇಶದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನಕ್ಕೆ ವಿಭಾಗ ತೆರೆದ ಮೊದಲ ವಿಶ್ವವಿದ್ಯಾಲಯ ಯಾವುದು ಗೊತ್ತೆ? ಅದೇ ಸಾಗರ್, 1959ರಲ್ಲಿ. ಸ್ಲೀಮನ್ ಹೆಣ ಅಗೆಸಿದ, ಸ್ಪ್ರೈ ಬುರುಡೆ ಎತ್ತಿದ ಊರು. ಧಾರವಾಡದಲ್ಲಿ ಈಗ ಎರಡು ಕಡೆ ಈ ಓದು ಇದೆ. ಒಂದು ಕರ್ನಾಟಕ ವಿಶ್ವವಿದ್ಯಾಲಯದ ವಿಭಾಗ, ಇನ್ನೊಂದು ಗಾಂಧಿನಗರದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್. ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಕೊಂದದ್ದೂ ಅದೇ ಊರಿನಲ್ಲಿ. ಎರಡು ವರ್ಷದ ಮೇಲೆ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರ ಹತ್ಯೆಯಾಯಿತು. ಎರಡೂ ಕಡೆ ಸಿಕ್ಕ ಗುಂಡು, ತೋಟಾಗಳ ಮೇಲಿನ ಗುರುತು ಹೋಲಿಸಿ, ಎರಡೂ ಒಂದೇ 7.65 ಎಂಎಂ ನಾಡ ಪಿಸ್ತೂಲಿನಿಂದ ಹಾರಿದವು ಎಂದು ಪ್ರಯೋಗಾಲಯ ವರದಿ ಕೊಟ್ಟಿತು. ಶಾಸನದ ಒಂದೊಂದು ಅಕ್ಷರದ ತಿರುವು ನೋಡಿ ಕಾಲ ಹೇಳುತ್ತಿದ್ದವರ ಸಾವು, ಕೊನೆಗೆ ಹಿತ್ತಾಳೆಯ ಮೇಲಿನ ಗೀರು ಓದುವವರ ಕೈಗೆ ಬಂತು. ಇದನ್ನು ಹೇಳುವಾಗ ದೊಡ್ಡಪ್ಪ ಹಣ್ಣು ಸುಲಿಯುವುದು ನಿಲ್ಲಿಸಿದ್ದರು.

ಟೇಲರ್‌ನ ಕತೆಯಲ್ಲಿ ಇನ್ನೊಂದು ಸಾವು ಉಳಿದಿತ್ತು. ಸುರಪುರದ ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು, ಸೋತು, ಹೈದರಾಬಾದಿನಲ್ಲಿ ಸಿಕ್ಕಿಬಿದ್ದ. ಚಿಕ್ಕಂದಿನಿಂದ ಅವನನ್ನು ಬಲ್ಲ ಟೇಲರ್ ಸಿಕಂದರಾಬಾದಿನ ಜೈಲಿಗೆ ಹೋಗಿ ನೋಡಿದ. ಮರಣದಂಡನೆ ಇಳಿದು ಇಳಿದು ಕೊನೆಗೆ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆಯಾಯಿತು. ಮೇ ತಿಂಗಳಲ್ಲಿ ಅಲ್ಲಿಗೆ ಕರೆದೊಯ್ಯುವಾಗ, ಕಾವಲಿನ ಅಧಿಕಾರಿ ರಿವಾಲ್ವರ್ ಬಿಟ್ಟು ಡೇರೆಯಿಂದ ಆಚೆ ಹೋಗಿದ್ದ, ಸದ್ದು ಕೇಳಿ ಓಡಿಬಂದರೆ ರಾಜ ಸತ್ತಿದ್ದ. ಟೇಲರ್ ಬರೆದದ್ದು ಹೀಗೆ. ಅವನು ಅಲ್ಲಿರಲಿಲ್ಲ. ಸುರಪುರದಲ್ಲಿ ಕೇಳಿದರೆ, ರಾಜರನ್ನು ಇಂಗ್ಲಿಷರೇ ಕೊಂದರು ಎನ್ನುವವರು ಇಂದಿಗೂ ಇದ್ದಾರೆ. ಜೇವರ್ಗಿಯಲ್ಲಿ ಎರಡು ಸಾವಿರ ವರ್ಷ ಹಳೆಯ ಎಲುಬು ಯಾವ ಕಡೆ ಮುಖ ಮಾಡಿತ್ತು ಎಂದು ಗಮನಿಸಿದ ಮನುಷ್ಯ, ತಾನು ಮಗನಂತೆ ಕಂಡವನ ಸಾವಿನಲ್ಲಿ ಇನ್ನೊಬ್ಬರ ಮಾತು ನಂಬಿ ಮುಂದೆ ಹೋದ. ಇದು ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ.

ಹತ್ತಿರದಿಂದ ಹಾರಿದ ಗುಂಡಾದರೆ ಬಟ್ಟೆ ಸುಟ್ಟು, ಸುತ್ತ ಮದ್ದಿನ ಮಸಿ ಕೂತಿರುತ್ತದೆ, ದೂರದಿಂದಾದರೆ ಇರುವುದಿಲ್ಲ ಎಂದು ತಂಗಿಯ ಪುಸ್ತಕದಲ್ಲೇ ಇದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಅಣ್ಣ, ರಾಜಾನ ಅಂಗಿ ಎಲ್ಲಿ ಹೋತು?"

"ನೂರಾ ಅರವತ್ತು ವರ್ಷದ ಹಿಂದಿನ ಅಂಗಿ ಯಾರ ಇಟ್ಟಾರ?" ಎಂದರು ದೊಡ್ಡಪ್ಪ.

"ಅವತ್ತೇ ಇಡಬೇಕಿತ್ತಲ್ಲಪ್ಪಾ."

ದೊಡ್ಡಪ್ಪ ಏನೂ ಅನ್ನಲಿಲ್ಲ. ಧಾರವಾಡದ ಬಸ್ಸು ಕಲಬುರಗಿಯಿಂದ ಎಷ್ಟು ಹೊತ್ತಿಗೆ ಎಂದು ನನ್ನನ್ನು ಕೇಳಿದರು.