ಕಾಗಿಣಾ ಸೀಮೆಯ ಐದು ಊರು: ಬಾಳುವೆಯ ಲಾಭ–ನಷ್ಟ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಒಂದೇ ಬಿಸಿಲು, ಒಂದೇ ತೊಗರಿ ಬೇಳೆ, ಒಂದೇ ಬಿಳಿಜೋಳದ ರೊಟ್ಟಿಯ ಊರುಗಳು. ಈ ತುದಿಯಿಂದ ಆ ತುದಿಗೆ ಬಸ್ಸಿನಲ್ಲಿ ಹೆಚ್ಚೆಂದರೆ ಮೂರು ತಾಸು. ಆದರೂ ವರ್ಗಾವಣೆಯ ಆದೇಶ ಕೈಗೆ ಬಂದ ನೌಕರ ವಿಚಾರಿಸುವುದು ಊರಿಗೊಂದು ಬಗೆ. ವಾಡಿಯಾದರೆ ಕ್ವಾರ್ಟರ್ಸ್ ಸಿಗುತ್ತದೆಯೇ, ಶಹಾಬಾದ್ ಆದರೆ ಧೂಳು ಎಷ್ಟು, ಸೇಡಂ ಆದರೆ ತೆಲುಗು ಬರಬೇಕೇ, ಚಿಂಚೋಳಿಯಾದರೆ ಕಲಬುರಗಿಗೆ ಕಡೆಯ ಬಸ್ಸು ಎಷ್ಟು ಹೊತ್ತಿಗೆ. ಚಿತ್ತಾಪುರದ ಬಗ್ಗೆ ಅಷ್ಟಾಗಿ ಯಾರೂ ಏನೂ ಕೇಳುವುದಿಲ್ಲ. ಅದು ಆ ಊರಿನ ಒಂದು ಅನುಕೂಲವೇ ಇರಬಹುದು.

ಐದರಲ್ಲಿ ನಾಲ್ಕು ತಾಲ್ಲೂಕು ಕೇಂದ್ರಗಳು. ಶಹಾಬಾದ್‌ಗೆ ಆ ಪಟ್ಟ ಸಿಕ್ಕಿದ್ದು 2018ರಲ್ಲಿ. ಅಲ್ಲಿಯವರೆಗೆ ಅದು ಚಿತ್ತಾಪುರ ತಾಲ್ಲೂಕಿನೊಳಗಿತ್ತು. ವಾಡಿ ಈಗಲೂ ಚಿತ್ತಾಪುರ ತಾಲ್ಲೂಕಿನ ಪಟ್ಟಣ. ತೆಲಂಗಾಣದ ಕಡೆಯಿಂದ ಇಳಿದು ಬರುವ ಕಾಗಿಣಾ ನದಿ ಈ ಸೀಮೆಯ ನಡುಹೊಳೆ. ಚಿಂಚೋಳಿಯ ಮುಲ್ಲಾಮಾರಿ, ಸೇಡಮ್ಮಿನ ಕಮಲಾವತಿ ಎರಡೂ ಅದಕ್ಕೇ ಸೇರುತ್ತವೆ. ಶಹಾಬಾದ್ ತಾಲ್ಲೂಕಿನ ಹೊನಗುಂಟಾದ ಬಳಿ ಅದು ಭೀಮೆಯನ್ನು ಕೂಡುತ್ತದೆ. ನೆಲದ ಮೇಲೆ ಕಪ್ಪು ಎರೆ, ಅದರ ಕೆಳಗೆ ಪದರ ಪದರವಾಗಿ ಸುಣ್ಣದಕಲ್ಲು. ಇಲ್ಲಿಯ ಬದುಕಿನ ಒಳಿತು ಕೆಡುಕುಗಳಲ್ಲಿ ಹೆಚ್ಚಿನವು ಈ ಕಲ್ಲಿನಿಂದಲೇ ಎದ್ದವು.

ಶಹಾಬಾದ್ ಎಂಬ ಹೆಸರು ಊರಿಗಿಂತ ಕಲ್ಲಿಗೇ ಹೆಚ್ಚು ಅಂಟಿಕೊಂಡಿದೆ. ಊರು ಎಲ್ಲಿದೆ ಎಂದು ಗೊತ್ತಿಲ್ಲದವರೂ ಶಾಲೆಯ ವರಾಂಡದಲ್ಲೋ ರೈಲು ನಿಲ್ದಾಣದಲ್ಲೋ ಆ ಬೂದುಬಣ್ಣದ ನುಣುಪು ಹಾಸುಗಲ್ಲಿನ ಮೇಲೆ ಕೂತು ಎದ್ದವರೇ. ಸ್ಥಳೀಯರಿಗೆ ಅದು ಪರಸಿ. ಭೂವಿಜ್ಞಾನಿಗಳು ಭೀಮಾ ಶಿಲಾಸಮೂಹದ ಒಂದು ಸ್ತರಕ್ಕೆ ಈ ಊರಿನ ಹೆಸರನ್ನೇ ಇಟ್ಟಿದ್ದಾರೆ. ಖಣಿಯೊಳಗೆ ಇಳಿದು ನೋಡಿದರೆ ಕಲ್ಲು ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಮಲಗಿರುತ್ತದೆ. ಕೂಲಿಕಾರ ಪದರದ ಸಂದಿಗೆ ಉಳಿ ಹಚ್ಚಿ, ಸುತ್ತಿಗೆಯಿಂದ ಹಗುರಾಗಿ ಬಡಿಯುತ್ತ ಸಪ್ಪಳ ಆಲಿಸುತ್ತಾನೆ. ಟಣ್ ಎಂದರೆ ಕಲ್ಲು ಗಟ್ಟಿ, ಬೊದ್ದಾಗಿ ಕೇಳಿದರೆ ಒಳಗೆಲ್ಲೋ ಬಿರುಕು. ಸಂದು ಬಿಟ್ಟ ಮೇಲೆ ಹಾರೆ ಮೀಟಿದರೆ ಇಡೀ ಹಾಸು ಒಂದೇ ತುಂಡಾಗಿ ಮೇಲೇಳುತ್ತದೆ. ಮುಂದೆ ಅದು ಕಟಿಂಗ್ ಮಷಿನ್ನಿಗೆ ಹೋಗುತ್ತದೆ. ಕೊಯ್ದ ಕಲ್ಲಿನ ಪುಡಿ ಗರಗಸದ ಮೇಲೆ ಸುರಿಯುವ ನೀರಿನೊಂದಿಗೆ ಹಾಲಿನಂಥ ರಾಡಿಯಾಗಿ ಹರಿಯುತ್ತದೆ. ಆ ರಾಡಿ ಒಣಗಿದ ಮೇಲೆ ಗಾಳಿಗೆ ಏಳುವ ಬಿಳಿ ಹಿಟ್ಟನ್ನು ರಸ್ತೆ ಪಕ್ಕದ ಬೇವಿನ ಎಲೆಗಳ ಮೇಲೆ ಬೆರಳಿನಿಂದ ಒರೆಸಬಹುದು.

ಇಂಥ ಊರಿನಲ್ಲಿ ಮನೆ ಕಟ್ಟುವುದು ಸಲೀಸು. ಗೋಡೆಗೆ ಕಲ್ಲು, ನೆಲಕ್ಕೆ ಕಲ್ಲು, ಹಳೆಯ ಮನೆಗಳ ಮಾಳಿಗೆಗೂ ಕಲ್ಲು. ಬೆಂಗಳೂರಿನವರು ಲಾರಿ ಬಾಡಿಗೆ ಕೊಟ್ಟು ತರಿಸುವುದು ಇಲ್ಲಿ ಓಣಿಯ ತುದಿಯಲ್ಲಿ ಸಿಗುತ್ತದೆ. ಆದರೆ ಮೇ ತಿಂಗಳ ರಾತ್ರಿ ಅದೇ ಮಾಳಿಗೆ ಹಗಲಿಡೀ ಕುಡಿದ ಬಿಸಿಲನ್ನು ನಿಧಾನಕ್ಕೆ ಬಿಡತೊಡಗಿದಾಗ ಒಳಗೆ ಮಲಗಲಾಗದು. ಕಲ್ಲು ತೆಗೆದು ಬಿಟ್ಟ ಹಳೆಯ ಖಣಿಗಳಲ್ಲಿ ಮಳೆನೀರು ನಿಂತು ಕೆರೆಯಾಗುತ್ತದೆ. ಬಟ್ಟೆ ಒಗೆಯಲು, ದನಕ್ಕೆ ಕುಡಿಸಲು ಅನುಕೂಲ. ಈಜು ಬಾರದ ಮಕ್ಕಳಿಗೆ ಅಪಾಯ.

ಕಾರ್ಖಾನೆಯೂ ಇಲ್ಲಿಗೆ ಬೇಗ ಬಂತು. 1936ರಲ್ಲಿ ಹಲವು ಸಿಮೆಂಟು ಕಂಪನಿಗಳು ಕೂಡಿ ಎಸಿಸಿ ಹುಟ್ಟಿದಾಗ ಶಹಾಬಾದ್ ಸಿಮೆಂಟ್ ಕಂಪನಿ ಅವುಗಳಲ್ಲೊಂದು. ಹಳೆಯ ಕಾರ್ಖಾನೆ ಮುಂದೆ ಕೈಬದಲಾಗಿ ನಿಂತುಹೋಯಿತು. ಕಾರ್ಖಾನೆ ನಿಂತ ಊರಿನಲ್ಲಿ ನಿಲ್ಲುವುದು ಪಗಾರವೊಂದೇ ಅಲ್ಲ. ಕಾಲೋನಿಯ ನೀರು, ದವಾಖಾನೆ, ಶಾಲೆ, ಸಂಜೆಯ ಕ್ಲಬ್ಬು ಎಲ್ಲವೂ ಕಾರ್ಖಾನೆಯ ಒಂದೇ ಭೋಂಗಾದ (ಸೈರನ್ನಿನ) ತಾಳಕ್ಕೆ ನಡೆದಿದ್ದವು. ಹಾಗಿದ್ದೂ ಕಲಬುರಗಿ ಹತ್ತಿರವಿರುವುದು ಈ ಊರಿನ ದೊಡ್ಡ ಆಸರೆ. ಕಾಲೇಜು, ಆಸ್ಪತ್ರೆ, ಕೋರ್ಟು, ಮದುವೆಯ ಸೀರೆ ಎಲ್ಲ ಅರ್ಧ ದಿನದ ಕೆಲಸ.

ವಾಡಿಯ ಹುಟ್ಟೇ ರೈಲಿನದು. 1874ರಲ್ಲಿ ನಿಜಾಮರ ರಾಜ್ಯ ಸಿಕಂದರಾಬಾದ್‌ನಿಂದ ಹಳಿ ಹಾಕಿಸಿ ಮುಂಬಯಿ–ಮದ್ರಾಸ್ ಮಾರ್ಗಕ್ಕೆ ಜೋಡಿಸಿದ್ದು ಇಲ್ಲಿ. ಇಂದಿಗೂ ಮಧ್ಯ ರೈಲ್ವೆ ಮತ್ತು ದಕ್ಷಿಣ ಮಧ್ಯ ರೈಲ್ವೆ ಕೈಕೈ ಹಿಡಿಯುವ ಜಾಗ ಇದೇ. ಮುಂಬಯಿ, ಚೆನ್ನೈ, ಹೈದರಾಬಾದ್, ಬೆಂಗಳೂರು ಮೂರು ದಿಕ್ಕಿನ ಹಳಿಗಳಲ್ಲಿ ಹಂಚಿಹೋಗಿವೆ. ಜಿಲ್ಲಾ ಕೇಂದ್ರಗಳಿಗೂ ಇಲ್ಲದ ಈ ಭಾಗ್ಯ ಒಂದು ಪುರಸಭೆಯ ಊರಿಗಿದೆ. 1968ರಲ್ಲಿ ಎಸಿಸಿ ಇಲ್ಲಿ ಕಾರ್ಖಾನೆ ತೆರೆದ ಮೇಲೆ ಊರಿಗೆ ಎರಡನೇ ಜನ್ಮ. ರೈಲ್ವೆಯ ತಮಿಳರು, ತೆಲುಗರು, ಮರಾಠಿಗರು, ಕಾರ್ಖಾನೆಯ ಉತ್ತರ ಭಾರತೀಯರು, ಸುತ್ತಲಿನ ಹಳ್ಳಿ–ತಾಂಡಾಗಳವರು ಸೇರಿ ಒಂದು ಕಿರು ಮುಂಬಯಿ ಆಯಿತು. ಬಾಡಿಗೆಗೆ ಮನೆ ಕೊಡುವಾಗ ಯಾವ ಊರು, ಯಾವ ಜಾತಿ ಎಂಬ ವಿಚಾರಣೆ ಇಲ್ಲಿ ಸುತ್ತಲಿನ ಹಳ್ಳಿಗಳಷ್ಟು ಬಿಗಿಯಿಲ್ಲ. ಅದರ ಇನ್ನೊಂದು ಮಗ್ಗುಲು: ನಿವೃತ್ತಿಯ ಮರುದಿನ ಕ್ವಾರ್ಟರ್ಸ್ ಕೀಲಿ ಹಿಂದಿರುಗಿಸಿ ಹೊರಡುವವರೇ ಬಹಳ. ನಡುರಾತ್ರಿ ನೂರಾರು ಜನ ಇಳಿದು ಬೇರೆ ಗಾಡಿ ಹತ್ತುವ ಊರಿನಲ್ಲಿ ಸ್ವಂತ ಮನೆ ಕಟ್ಟಿ ನೆಲೆಸುವ ಮನಸ್ಸು ಬರುವುದು ತಡವಾಗಿ. ಗದಗದ ಕಡೆಯಿಂದ ಹೊಸ ಮಾರ್ಗ ಬರುತ್ತಿದೆ. ಅದು ಪೂರ್ತಿಯಾದರೆ ಹುಬ್ಬಳ್ಳಿಯೂ ಹತ್ತಿರವಾದೀತು.

ಚಿತ್ತಾಪುರ ವಾಡಿಯಿಂದ ಸಿಕಂದರಾಬಾದ್ ದಾರಿಯಲ್ಲಿ ಮುಂದಿನ ದೊಡ್ಡ ನಿಲ್ದಾಣ. ತಹಶೀಲ್ ಕಚೇರಿ, ತೊಗರಿ ವ್ಯಾಪಾರ, ಕೋರ್ಟು ಇದರ ದಿನಚರಿ. ಊರಿನ ಅಂಚಿನ ನಾಗಾವಿ ಒಂದು ಕಾಲದ ಘಟಿಕಾಸ್ಥಾನ, ಅಂದರೆ ವಿದ್ಯಾಕೇಂದ್ರ. 1058ರ ಅಲ್ಲಿಯ ಶಾಸನದಲ್ಲಿ ವಿದ್ಯಾರ್ಥಿಗಳ, ಉಪಾಧ್ಯಾಯರ ಜೊತೆಗೆ ಗ್ರಂಥ ಭಂಡಾರ ನೋಡಿಕೊಳ್ಳುವ ಆರು ಮಂದಿಯ ಲೆಕ್ಕವೂ ಇದೆ. ಅಷ್ಟು ಗ್ರಂಥಪಾಲಕರು ಇಂದಿನ ಎಷ್ಟು ಕಾಲೇಜುಗಳಲ್ಲಿದ್ದಾರೆ ಎಂದು ಕೇಳುವುದು ಸಭ್ಯತೆಯಲ್ಲ. ಇದೇ ತಾಲ್ಲೂಕಿನ ಭೀಮಾ ದಡದ ಸನ್ನತಿಯಲ್ಲಿ 1986ರಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿದಾಗ ದೇವಿಯ ಪೀಠದ ಕಲ್ಲು ಅಶೋಕನ ಶಾಸನವೆಂದು ಗೊತ್ತಾಯಿತು. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ‘ರಾಯ ಅಶೋಕೊ’ ಎಂದು ಬರೆದ ಅರಸನ ಉಬ್ಬುಚಿತ್ರವೂ ಸಿಕ್ಕಿತು. ಪ್ರವಾಸಿಗರು ಬರುತ್ತಾರೆ, ನೋಡುತ್ತಾರೆ, ರಾತ್ರಿ ತಂಗಲು ಕಲಬುರಗಿಗೆ ಮರಳುತ್ತಾರೆ. ಅವರ ದುಡ್ಡು ತಾಲ್ಲೂಕಿನಲ್ಲಿ ಉಳಿಯುವುದು ಕಡಿಮೆ.

ಯಾವ ರಾಜ್ಯದಲ್ಲಿ ಬಾಳುವುದು ಲೇಸು ಎಂಬ ಪ್ರಶ್ನೆ ಅಮೆರಿಕದಲ್ಲಿ ಮನೆಮಾತು. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಕ್ಯಾಲಿಫೋರ್ನಿಯಾದಲ್ಲಿ ಇದೆ ಎಂದು ಲೆಕ್ಕ ಹಾಕಿ ಜನ ಊರು ಬದಲಿಸುತ್ತಾರೆ. ಅಂಥ ಲೆಕ್ಕ ರಾಜ್ಯದ ಗಡಿಯಂಚಿನ ಸೇಡಮ್ಮಿನಲ್ಲೂ ಉಂಟು. ಇಲ್ಲಿ ನಿಜಾಮರ ಆಳ್ವಿಕೆ ಮುಗಿದದ್ದು 1948ರ ಸೆಪ್ಟೆಂಬರ್ 17ರಂದು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಗುಲಬರ್ಗಾ (ಈಗಿನ ಕಲಬುರಗಿ) ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಅದೇ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲ್ಲೂಕುಗಳು ಆಂಧ್ರದ ಪಾಲಾದವು, ಈಗ ತೆಲಂಗಾಣದಲ್ಲಿವೆ. ಸೇಡಂ ತಾಲ್ಲೂಕಿನ ಕುರಕುಂಟಾ ದಾಟಿದರೆ ಗಡಿ. ಎರಡೂ ಕಡೆ ಅದೇ ಕಲ್ಲು, ಅದೇ ತೊಗರಿ. ಭೌಗೋಳಿಕ ಗುರುತು ಮಾತ್ರ ಎರಡು: ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ, ತಾಂಡೂರಿನ ತೊಗರಿಗೆ 2022ರಲ್ಲಿ.

ಬೇರೆಯಾದದ್ದು ಸರ್ಕಾರದಿಂದ ಬರುವುದು. 2018ರಲ್ಲಿ ತೆಲಂಗಾಣ ‘ರೈತುಬಂಧು’ ಆರಂಭಿಸಿ ಹಂಗಾಮಿಗೆ ಎಕರೆಗೆ 4,000 ರೂಪಾಯಿಯಂತೆ ಕೊಡತೊಡಗಿದಾಗ ಗಡಿಯ ಈಚೆಯ ರೈತರು ಬೇಲಿಯಾಚೆಗೆ ನೋಡಿದ್ದು ಸಹಜ. ಈಚೆಯವರ ಕೈಯಲ್ಲಿರುವ ತುರುಪು ಎಲೆ ಸಂವಿಧಾನದ 371(ಜೆ) ವಿಧಿ. 2013ರಿಂದ ಜಾರಿಯಲ್ಲಿರುವ ಈ ವ್ಯವಸ್ಥೆಯಲ್ಲಿ ಈ ಭಾಗದ ಜಿಲ್ಲೆಗಳೊಳಗಿನ ಡಿ ಗುಂಪಿನ ಹುದ್ದೆಗಳಲ್ಲಿ 85, ಸಿ ಗುಂಪಿನಲ್ಲಿ 80 ಪ್ರತಿಶತ ಸ್ಥಳೀಯರಿಗೆ ಮೀಸಲು. ಇಲ್ಲಿಯ ಕಾಲೇಜುಗಳ ಸೀಟುಗಳಲ್ಲಿ 70, ರಾಜ್ಯದ ಉಳಿದ ಕಡೆ 8 ಪ್ರತಿಶತ. ಮಗಳಿಗೆ ವೈದ್ಯಕೀಯ ಸೀಟು ಸಿಕ್ಕ ಮನೆಯಲ್ಲಿ ಈ ವಿಧಿಯ ಸಂಖ್ಯೆ ಗೊತ್ತಿಲ್ಲದವರಿಲ್ಲ. ಅರ್ಹತಾ ಪತ್ರಕ್ಕಾಗಿ ನಾಡಕಚೇರಿಯ ಮುಂದೆ ಜೂನ್ ತಿಂಗಳಲ್ಲಿ ನಿಂತವರಿಗೆ ಅದರ ಬೆಲೆ ಇನ್ನೂ ಚೆನ್ನಾಗಿ ಗೊತ್ತು. ಬಸ್ಸಿನ ವಿಷಯದಲ್ಲಿ ಎರಡೂ ಸಮ: ಕರ್ನಾಟಕದಲ್ಲಿ ‘ಶಕ್ತಿ’ 2023ರ ಜೂನ್‌ನಲ್ಲಿ, ತೆಲಂಗಾಣದಲ್ಲಿ ಮಹಿಳೆಯರ ಉಚಿತ ಪ್ರಯಾಣ ಅದೇ ವರ್ಷದ ಡಿಸೆಂಬರ್‌ನಲ್ಲಿ ಶುರುವಾಯಿತು.

ಸೇಡಮ್ಮಿನ ಪೇಟೆಯಲ್ಲಿ ಕನ್ನಡ, ತೆಲುಗು, ಉರ್ದು ಒಂದೇ ವಾಕ್ಯದೊಳಗೆ ಜಗಳವಿಲ್ಲದೆ ಕೂತಿರುತ್ತವೆ. ದೊಡ್ಡ ಬೇನೆ ಬಂದರೆ ಕಲಬುರಗಿಯೋ ಹೈದರಾಬಾದೋ ಎಂಬ ಆಯ್ಕೆ ಇದೆ. ರೈಲು ನೇರವಾಗಿ ಹೈದರಾಬಾದಿನ ಕಡೆಗೇ ಹೋಗುತ್ತದೆ. ಸುತ್ತ ಮಳಖೇಡ, ಕೋಡ್ಲಾಗಳಲ್ಲಿ ಸಿಮೆಂಟು ಕಾರ್ಖಾನೆಗಳು. ಕೆಲಸ ಇದೆ ನಿಜ. ಆದರೆ ಕಾಯಂ ನೌಕರಿಗಿಂತ ಗುತ್ತಿಗೆ ಕೂಲಿ ಹೆಚ್ಚು, ಭೂಮಿ ಕೊಟ್ಟವರ ಮಕ್ಕಳಿಗೆ ಕೆಲಸ ಕೊಡಿ ಎಂಬ ಬೇಡಿಕೆ ಹಳೆಯದು. ಭಾರ ಹೊತ್ತ ಲಾರಿಗಳಿಗೆ ರಸ್ತೆ ವರ್ಷ ತಾಳುವುದಿಲ್ಲ. ಮಳಖೇಡವೆಂದರೆ ರಾಷ್ಟ್ರಕೂಟರ ಮಾನ್ಯಖೇಟ, ‘ಕವಿರಾಜಮಾರ್ಗ’ದ ನೃಪತುಂಗನ ರಾಜಧಾನಿ. ಕೋಟೆಯ ಬುರುಜಿನ ಮೇಲೆ ನಿಂತರೆ ಒಂದು ಕಡೆ ಕಾಗಿಣಾ, ಇನ್ನೊಂದು ಕಡೆ ಚಿಮಣಿ ಕಾಣುತ್ತವೆ. ಮಳೆ ಜೋರಾದ ವರ್ಷ ಇಲ್ಲಿಯ ಸೇತುವೆಯ ಮೇಲೆ ನೀರು ಹತ್ತಿ ಕಲಬುರಗಿ ರಸ್ತೆ ಕಡಿಯುತ್ತದೆ. 2020ರ ಅಕ್ಟೋಬರ್ ಪ್ರವಾಹ ಇಡೀ ಸೀಮೆಗೆ ನೆನಪಿದೆ. ದಂಡೋತಿಯ ಸೇತುವೆಯದೂ ಇದೇ ಪಾಡು.

ಚಿಂಚೋಳಿಗೆ ರೈಲಿಲ್ಲ. 2017ರಲ್ಲಿ ತೆರೆದ ಬೀದರ–ಕಲಬುರಗಿ ಮಾರ್ಗ ಕಮಲಾಪುರದ ಕಡೆಯಿಂದ ಹೋಯಿತು. 1968–71 ಮತ್ತು 1989–90ರಲ್ಲಿ ಮುಖ್ಯಮಂತ್ರಿಯಾಗಿದ್ದ ವೀರೇಂದ್ರ ಪಾಟೀಲರು ಇಲ್ಲಿಯವರೇ. ದೊಡ್ಡ ನಾಯಕರನ್ನು ಕೊಡುವುದಕ್ಕೂ ಒಳ್ಳೆಯ ರಸ್ತೆ ಪಡೆಯುವುದಕ್ಕೂ ನಂಟಿಲ್ಲ ಎನ್ನುವುದಕ್ಕೆ ಈ ಜಿಲ್ಲೆಯಲ್ಲಿ ಉದಾಹರಣೆ ಹುಡುಕಬೇಕಿಲ್ಲ. ಆದರೆ ಉಳಿದ ನಾಲ್ಕು ಊರುಗಳಿಗಿಲ್ಲದ್ದು ಇಲ್ಲಿದೆ: ಕಾಡು. ಕುಂಚಾವರಂ ಸುತ್ತಲಿನ ಅರಣ್ಯ, ಚಂದ್ರಂಪಳ್ಳಿ ಜಲಾಶಯ, ಎತ್ತಿಪೋತ ಜಲಪಾತ ಒಳಗೊಂಡ ಸುಮಾರು 135 ಚದರ ಕಿಲೋಮೀಟರ್ ಪ್ರದೇಶವನ್ನು 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿಸಲಾಯಿತು. ತೋಳ, ಕತ್ತೆಕಿರುಬ, ಕೃಷ್ಣಮೃಗಗಳ ನೆಲೆ ಅದು. ಶ್ರಾವಣದಲ್ಲಿ ಅಲ್ಲಿಗೆ ಹೋದ ಕಲಬುರಗಿಯವರು ತಾವು ಮಲೆನಾಡಿಗೆ ಬಂದೆವೇ ಎಂದು ಒಂದು ಗಳಿಗೆ ತಬ್ಬಿಬ್ಬಾಗುತ್ತಾರೆ. ಕಾಡಿನಂಚಿನ ತಾಂಡಾಗಳ ಲಂಬಾಣಿಗರಿಗೆ ಅದೇ ಕಾಡು ಸೌದೆ, ಮೇವು, ಮತ್ತು ಅರಣ್ಯ ಇಲಾಖೆಯೊಂದಿಗಿನ ತಕರಾರು. ರಾಶಿ ಮುಗಿದ ಮೇಲೆ ಎಷ್ಟೋ ಮನೆಗಳಿಗೆ ಬೀಗ. ಗುಳೆ ಹೋಗುವುದು ಹೈದರಾಬಾದ್, ಪುಣೆ, ಮುಂಬಯಿಗೆ. ಮಕ್ಕಳ ಶಾಲೆ ಅಲ್ಲಿಗೇ ಕಡಿಯುತ್ತದೆ.

ಬಿಸಿಲಿನ ವಿಷಯದಲ್ಲಿ ಐದೂ ಊರುಗಳಿಗೆ ತಾರತಮ್ಯವಿಲ್ಲ. ಪಾರಾ 42–44 ಡಿಗ್ರಿ ಮುಟ್ಟುವ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಹನ್ನೆರಡರ ನಂತರ ಪೇಟೆಯಲ್ಲಿ ಕಾಣುವುದು ಕಬ್ಬಿನ ಹಾಲಿನ ಗಾಡಿ ಮತ್ತು ಅದರ ನೆರಳಿಗೆ ನಿಂತ ನಾಯಿ. ದಕ್ಷಿಣದ ಜಿಲ್ಲೆಗಳಿಂದ ಬಂದ ಮಾಸ್ತರರು ಮೊದಲ ಬೇಸಿಗೆಯಲ್ಲೇ ವರ್ಗಾವಣೆಗೆ ಅರ್ಜಿ ಹಾಕುವುದುಂಟು. ಎರಡು ಬೇಸಿಗೆ ದಾಟಿದವರು ಅಂಗಳದಲ್ಲಿ ಹೊರಸು ಹಾಕಿ ಮಲಗುವುದನ್ನು ಕಲಿತಿರುತ್ತಾರೆ.

ಅಂಗಳದಲ್ಲಿ ಮಲಗಿದ್ದಕ್ಕೆ ಬಿಸಿಲೇ ಕಾರಣವಾಗಿರದ ವರ್ಷವೂ ಒಂದಿದೆ. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನೆಲದೊಳಗಿಂದ ಸಪ್ಪಳ ಬಂದು ಭೂಮಿ ಮತ್ತೆ ಮತ್ತೆ ನಡುಗಿತು. ಒಂದು ಕಂಪನ ರಿಕ್ಟರ್ ಮಾಪಕದಲ್ಲಿ 4.1 ತೋರಿಸಿತು. ಕೆಲವರು ಸಾಮಾನು ಕಟ್ಟಿಕೊಂಡು ನೆಂಟರ ಊರಿಗೆ ಹೋದರು. ಉಳಿದವರು ಪರಸಿ ಹೊದಿಸಿದ ಮಾಳಿಗೆಯ ಕೆಳಗೆ ಹೋಗಲು ಒಲ್ಲೆವೆಂದು, ಮಕ್ಕಳು ಮುದುಕರನ್ನು ಕಟ್ಟಿಕೊಂಡು ಬಯಲಲ್ಲೇ ರಾತ್ರಿ ಕಳೆದರು.