ಫ್ರ್ಯಾಕ್ಟಲ್ ವಕ್ರರೇಖೆಯೂ ಲೇಸರ್ ಕೊರೆತದ ಜಿಗ್‌ಸಾ ಬಂಧವೂ

1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿಯು ಭೂಪಟವನ್ನು ಮರದ ಹಲಗೆಗೆ ಅಂಟಿಸಿ, ದೇಶಗಳ ಗಡಿಗುಂಟ ಕೊಯ್ದು ಮಾರಿದ ಕಾಲದಿಂದ ಬಹುಕಾಲದವರೆಗೆ, ಜಿಗ್‌ಸಾ ತುಂಡಿನ ಅಂಚು ಎಷ್ಟು ಜಟಿಲವಾಗಬಹುದೆಂಬುದನ್ನು ನಿರ್ಣಯಿಸಿದ್ದು ಗರಗಸದ ಅಲಗು. ಬಾರಾಮತಿಯಲ್ಲಿ ಜನಿಸಿದ ಕುಮಾರ್ ಪಟೇಲರು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ನಿರ್ಮಿಸಿದ ಕಾರ್ಬನ್ ಡೈಆಕ್ಸೈಡ್ ಲೇಸರಿನ ಸಂತತಿಯು ಈ ನಿರ್ಬಂಧವನ್ನು ಸಡಿಲಿಸಿತೇ ಹೊರತು ತೊಡೆದುಹಾಕಲಿಲ್ಲ. ಒಂದೇ ಕ್ರಿಯೆಯನ್ನು ಕಿರಿದಾಗುತ್ತ ಹೋಗುವ ಅಳತೆಯಲ್ಲಿ ಪುನಃಪುನಃ ನಡೆಸಿ ಪಡೆಯುವ ಫ್ರ್ಯಾಕ್ಟಲ್ ರೇಖೆಯ ರಚನೆಗೆ ಗಣಿತದಲ್ಲಿ ಅಂತ್ಯವಿಲ್ಲ, ಹಲಗೆಗೆ ಉಂಟು. ಆದುದರಿಂದ ಯಾವ ಆವೃತ್ತಿಯಲ್ಲಿ ನಿಲ್ಲಬೇಕೆಂಬ ವಿವೇಚನೆಯೇ ಫ್ರ್ಯಾಕ್ಟಲ್ ಅಂಚಿನ ಜಿಗ್‌ಸಾ ವಿನ್ಯಾಸದ ಸಾರಸರ್ವಸ್ವವೆಂದು ನನ್ನ ಮತ.

ಸ್ವೀಡನ್ನಿನ ಹೆಲ್ಗೆ ಫಾನ್ ಕಾಖ್ 1904ರಲ್ಲಿ ಪ್ರಕಟಿಸಿದ ರೇಖೆಯನ್ನೇ ಪರಿಶೀಲಿಸೋಣ. 81 ಮಿಲಿಮೀಟರ್ ಉದ್ದದ ಸರಳರೇಖೆಯ ನಡುವಣ ಮೂರನೆಯ ಒಂದು ಪಾಲನ್ನು ಅಳಿಸಿ, ಆ ಎಡೆಯಲ್ಲಿ ಸಮಬಾಹು ತ್ರಿಕೋನದ ಎರಡು ಭುಜಗಳನ್ನು ನಿಲ್ಲಿಸಿದರೆ, 27 ಮಿಲಿಮೀಟರಿನ ನಾಲ್ಕು ಖಂಡಗಳುಳ್ಳ ಮೊದಲ ಆವೃತ್ತಿ ಸಿದ್ಧಿಸುತ್ತದೆ. ಇಂಥ ಅಂಚುಳ್ಳ ಎರಡು ತುಂಡುಗಳು ಒಂದನ್ನೊಂದು ಹಿಡಿಯವು. ತ್ರಿಕೋನವು ಬೆಣೆಯಂತೆ ಸಲೀಸಾಗಿ ಹೊರಬರುತ್ತದೆ. ಅದೇ ಕ್ರಿಯೆಯನ್ನು ಪ್ರತಿ ಖಂಡದ ಮೇಲೆ ಪುನಃ ನಡೆಸಿದಾಗ 9 ಮಿಲಿಮೀಟರಿನ ಹದಿನಾರು ಖಂಡಗಳಾಗಿ, ದೊಡ್ಡ ತ್ರಿಕೋನದ ಇಕ್ಕೆಲದಲ್ಲೂ ಒಂದೊಂದು ಖಂಡವು ಬುಡದಿಂದ ತುದಿಯತ್ತ ಸಾಗುವಾಗ 4.5 ಮಿಲಿಮೀಟರಿನಷ್ಟು ಹೊರಕ್ಕೆ ಚಾಚಿಕೊಳ್ಳುತ್ತದೆ. ಆ ಬಳಿಕ ಸಮತಲದ ಯಾವ ದಿಕ್ಕಿಗೆ ಎಳೆದರೂ ತುಂಡುಗಳು ಬಿಡಿಸಿಕೊಳ್ಳಲಾರವು. ಬಂಧವು ಎರಡನೆಯ ಆವೃತ್ತಿಯಲ್ಲಿಯೇ ಪೂರ್ಣವಾಯಿತು. ಮುಂದಿನದೆಲ್ಲವೂ ಅಲಂಕಾರ, ಇಲ್ಲವೆ ಆಟಗಾರನ ಕಣ್ಣಿಗೆ ಒಡ್ಡಿದ ಪರೀಕ್ಷೆ. ನಾಲ್ಕನೆಯ ಆವೃತ್ತಿಯಲ್ಲಿ ಅಂಚು 256 ಮಿಲಿಮೀಟರಿಗೆ ಬೆಳೆದು, ಖಂಡವು 1 ಮಿಲಿಮೀಟರಿಗೆ ಇಳಿಯುತ್ತದೆ. ಐದನೆಯದರ ಹಲ್ಲು 0.3 ಮಿಲಿಮೀಟರ್ ಎತ್ತರವನ್ನೂ ಮುಟ್ಟದು. ಕಿರಣದ ಸೀಳು 0.2 ಮಿಲಿಮೀಟರ್ ಅಗಲವಿದ್ದರೆ ಅದರ ತುದಿಯ ಬಹುಪಾಲು ಹೊಗೆಯಾಗಿ ಹೋಗುತ್ತದೆ. ಚೂಪು ಮೂಲೆಗಳಲ್ಲಿ ಕಿರಣದ ಗತಿಯು ಕುಂದಿ ತಾಪವು ಅಲ್ಲಿಯೇ ನಿಲ್ಲುವುದರಿಂದ, ನಾಲ್ಕನೆಯದೂ ಪ್ಲೈವುಡ್ಡಿನಲ್ಲಿ ಕರಿಕಾಗುವ ಸಂಭವವುಂಟು. ಮೂರನೆಯದರಲ್ಲಿ ನಿಲ್ಲುವುದು ಹೇಡಿತನವಲ್ಲ.

ಬಿಲ್ ಗಾಸ್ಪರ್ ಕಂಡುಹಿಡಿದ ರೇಖೆಯು ಆವರಿಸುವ ದ್ವೀಪಾಕೃತಿಯ ಸಮಸ್ಯೆ ಬೇರೆ ಬಗೆಯದು. ಏಳು ದ್ವೀಪಗಳು ಕೂಡಿ ಅದೇ ಆಕಾರದ, ಉದ್ದಳತೆಯಲ್ಲಿ 7ರ ವರ್ಗಮೂಲದಷ್ಟು ದೊಡ್ಡದಾದ ಇನ್ನೊಂದು ದ್ವೀಪವಾಗುವುದು ಮನೋಹರವೇ ಸರಿ. ಪರಂತು ತುಂಡುಗಳೆಲ್ಲವೂ ಏಕರೂಪವಾಗಿ, ಪ್ರತಿಯೊಂದೂ ಯಾವ ಸ್ಥಾನದಲ್ಲಿಯಾದರೂ ಆರು ಬಗೆಯಾಗಿ ಕೂರುವುದರಿಂದ, ಮೇಲೆ ಚಿತ್ರವಿಲ್ಲದಿದ್ದರೆ ಒಗಟೇ ಉಳಿಯದು. ನೆರೆಯ ಎರಡು ಮೂರು ದ್ವೀಪಗಳನ್ನು ಬೆಸೆದು ಒಂದೊಂದು ತುಂಡನ್ನಾಗಿಸುವುದು ಇದಕ್ಕೆ ಯುಕ್ತವಾದ ಪರಿಹಾರ.

1966ರಲ್ಲಿ ಜಾನ್ ಹೈವೇ ಕಲ್ಪಿಸಿದ ಡ್ರ್ಯಾಗನ್ ರೇಖೆಯು ತನ್ನನ್ನು ತಾನು ದಾಟುವುದಿಲ್ಲ, ಆದರೆ ಮೂಲೆಗಳಲ್ಲಿ ಸ್ಪರ್ಶಿಸುತ್ತದೆ. ಕಾಗದದ ಮೇಲೆ ನಿರಪಾಯವಾದ ಆ ಸ್ಪರ್ಶದಿಂದ ಹಲಗೆಯಲ್ಲಿ ಸಣ್ಣ ಚೌಕಗಳು ಕಳಚಿ ಬೀಳುತ್ತವೆ. ಆದಕಾರಣ ಪ್ರತಿ ಮೂಲೆಯನ್ನೂ ದುಂಡಾಗಿಸಿ, ಎರಡು ತಿರುವುಗಳ ನಡುವೆ ಸೀಳಿನ ಅಗಲಕ್ಕಿಂತ ಸಾಕಷ್ಟು ದಪ್ಪನಾದ ಮರವನ್ನು ಉಳಿಸಿಕೊಂಡ ಮೇಲೆಯೇ ಅದನ್ನು ಯಂತ್ರಕ್ಕೆ ಒಪ್ಪಿಸತಕ್ಕದ್ದು.