ಗೆಣಸಿನ ಹೋಳಿಗೆ

ಬೇಯಿಸಿ ನುರಿದ ಸಿಹಿಗೆಣಸಿಗೆ ಬೆಲ್ಲ ಕೂಡಿಸಿ ಹೂರಣ ಮಾಡಿ, ಅದನ್ನು ಗೋಧಿಯ ಕಣಕದಲ್ಲಿ ತುಂಬಿ, ತೆಳ್ಳಗೆ ಲಟ್ಟಿಸಿ ಹಂಚಿನ ಮೇಲೆ ಬೇಯಿಸುವ ಸಿಹಿ ತಿನಿಸು. ಹುಬ್ಬಳ್ಳಿ-ಧಾರವಾಡ ಹಾಗೂ ಬೆಳಗಾವಿ ಕಡೆಯ ಮನೆಗಳಲ್ಲಿ ಗೆಣಸು ಹೇರಳವಾಗಿ ಬರುವ ಚಳಿಗಾಲದಲ್ಲಿ ಮಾಡುತ್ತಾರೆ. ಆಡುಮಾತಿನಲ್ಲಿ ‘ಗೆಣಸಿನ ಹೋಳಿಗಿ’. ಬೇಳೆ ಹೋಳಿಗೆ, ಶೇಂಗಾ ಹೋಳಿಗೆಗಳಂತೆ ಅಂಗಡಿಯಲ್ಲಿ ಪೊಟ್ಟಣವಾಗಿ ಸುಲಭಕ್ಕೆ ಸಿಗುವುದಿಲ್ಲ. ಇದು ಮನೆಮಂದಿಯೆಲ್ಲ ಕೂತು ಉಣ್ಣುವ ದಿನದ ಅಡುಗೆ.

ಹೋಳಿಗೆ ಈ ನೆಲಕ್ಕೆ ಹಳೆಯದು, ಗೆಣಸು ಹೊಸದು. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿಯೇ ಬೇಳೆಯ ಹೂರಣ ತುಂಬಿದ ಭಕ್ಷ್ಯದ ವಿವರಣೆ ಇದೆ. ಸಿಹಿಗೆಣಸಿನ (ಐಪೋಮಿಯ ಬಟಾಟಾಸ್) ತವರು ಉಷ್ಣವಲಯದ ಅಮೆರಿಕ. ಪೋರ್ಚುಗೀಸರ ಮೂಲಕ 16ನೆಯ ಶತಮಾನದ ನಂತರ ಭಾರತಕ್ಕೆ ಬಂದದ್ದು. ಕನ್ನಡ ಇದಕ್ಕೆಂದು ಹೊಸ ಹೆಸರು ಹುಡುಕಲಿಲ್ಲ. ನೆಲದೊಳಗೆ ಬೆಳೆಯುವ ಬೇರೆ ಗಡ್ಡೆಗಳಿಗೂ ಸಲ್ಲುವ ‘ಗೆಣಸು’ ಎಂಬ ಮಾತನ್ನೇ ಕೊಟ್ಟಿತು. ಮರಗೆಣಸು, ಮುಡಿಗೆಣಸು ಎಂಬ ಹೆಸರುಗಳು ಇಂದಿಗೂ ಬಳಕೆಯಲ್ಲಿವೆ. ಆದರೆ ಧಾರವಾಡದ ಸಂತೆಯಲ್ಲಿ ಬರೀ ಗೆಣಸು ಎಂದರೆ ಸಿಹಿಗೆಣಸೇ.

ಈ ಹೋಳಿಗೆಯ ಹಿಂದೆ ಮಣ್ಣಿನ ಕತೆಯೂ ಇದೆ. ಹುಬ್ಬಳ್ಳಿಯಿಂದ ಮೂಡಣಕ್ಕೆ ನವಲಗುಂದ, ಅಣ್ಣಿಗೇರಿಯ ಕಡೆ ಎರೆ ಭೂಮಿ. ಅಲ್ಲಿ ಹಿಂಗಾರಿಯಲ್ಲಿ ಕಡಲೆ ಬೆಳೆಯುತ್ತದೆ, ಬೇಳೆ ಹೋಳಿಗೆಯ ಹೂರಣ ಹುಟ್ಟುವುದು ಅಲ್ಲಿ. ಗೆಣಸಿಗೆ ಎರೆ ಒಗ್ಗದು. ನೀರು ನಿಂತರೆ ಗಡ್ಡೆ ಕೊಳೆಯುತ್ತದೆ, ಮಣ್ಣು ಬಿಗಿದರೆ ಸೊಟ್ಟಾಗುತ್ತದೆ. ಅದು ಬಯಸುವುದು ನೀರು ಬಸಿದುಹೋಗುವ ಸಡಿಲ ಮಸಾರಿ ನೆಲವನ್ನು. ಅಂಥ ನೆಲ ಸಿಗುವುದು ಪಡುವಣಕ್ಕೆ, ಮಲೆನಾಡಿನ ಸೆರಗು ತಾಗುವ ಕಡೆಗೆ. ಬೆಳಗಾವಿ, ಖಾನಾಪುರ ಸೀಮೆಯಲ್ಲಂತೂ ಗೆಣಸು ದೊಡ್ಡ ಬೆಳೆ. ಮುಂಗಾರಿನಲ್ಲಿ ಬಳ್ಳಿಯ ತುಂಡುಗಳನ್ನು ಬೋದಿನ ಮೇಲೆ ನೆಟ್ಟರೆ ಮೂರರಿಂದ ನಾಲ್ಕು ತಿಂಗಳಿಗೆ ಅಗೆಯಲು ಬರುತ್ತದೆ. ಎರಡೂ ಬಗೆಯ ನೆಲದ ನಡುವೆ ಕೂತ ಅವಳಿ ನಗರಕ್ಕೆ ಎರಡೂ ಹೋಳಿಗೆ ದಕ್ಕಿದವು.

ಗೆಣಸಿಗೆ ಇನ್ನೊಂದು ವಿಶೇಷವಿದೆ: ಅದು ಉಪವಾಸಕ್ಕೂ ಸಲ್ಲುತ್ತದೆ, ಹಬ್ಬಕ್ಕೂ ಸಲ್ಲುತ್ತದೆ. ಏಕಾದಶಿ, ಶಿವರಾತ್ರಿಗಳಂದು ಅನ್ನ ರೊಟ್ಟಿ ಬಿಟ್ಟವರು ಸಾಬೂದಾಣಿ, ಶೇಂಗಾಗಳ ಜೊತೆ ಬೇಯಿಸಿದ ಗೆಣಸು ತಿನ್ನುತ್ತಾರೆ. ಅದೇ ಗೆಣಸನ್ನು ಗೋಧಿ ಕಣಕದಲ್ಲಿ ಮುಚ್ಚಿದ ಕೂಡಲೇ ಅದು ಉಪವಾಸದ ಎಲೆಯಿಂದ ಹೊರಬಿದ್ದು ಹಬ್ಬದೂಟಕ್ಕೆ ಸೇರುತ್ತದೆ. ಶಿವರಾತ್ರಿಗೆ ತಂದು ಉಳಿದ ಗೆಣಸು ಮರುದಿನ ಪಾರಣೆಯ ಹೋಳಿಗೆಯಾದರೆ ಅಚ್ಚರಿಯಿಲ್ಲ.

ಗೆಣಸು ಆರಿಸುವಾಗ ಸಿಪ್ಪೆಯ ಮೇಲೆ ಸಣ್ಣ ತೂತುಗಳಿವೆಯೇ ನೋಡಬೇಕು. ಮೂತಿಹುಳು ಕೊರೆದ ಗಡ್ಡೆ ತನ್ನ ರಕ್ಷಣೆಗೆ ಕಹಿ ಪದಾರ್ಥವನ್ನು ತಯಾರಿಸಿಕೊಳ್ಳುತ್ತದೆ. ಅಂಥದ್ದೊಂದು ಬೆರೆತರೂ ಇಡೀ ಹೂರಣ ಕಹಿ. ಬೆಲ್ಲ ಎಷ್ಟು ಸುರಿದರೂ ಹೋಗದು. ಕೆಂಪು ಸಿಪ್ಪೆಯ, ಬಿಳಿ ತಿರುಳಿನ ಗೆಣಸು ಹೋಳಿಗೆಗೆ ಒಳ್ಳೆಯದು. ಬೆಂದಾಗ ಹಿಟ್ಟುಹಿಟ್ಟಾಗಿ ಒಡೆಯುತ್ತದೆ. ತಂದದ್ದನ್ನು ಫ್ರಿಜ್ಜಿನಲ್ಲಿ ಇಡಬಾರದು. ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದರೆ ತಿರುಳು ಕೆಡುತ್ತದೆ, ಎಷ್ಟು ಬೇಯಿಸಿದರೂ ನಡುವೆ ಗಟ್ಟಿ ಉಳಿಯುತ್ತದೆ.

ಈ ಅಡುಗೆಯ ಸೋಲು ಗೆಲುವು ನೀರಿನಲ್ಲಿದೆ. ಸಿಪ್ಪೆ ಸುಲಿದು, ಹೋಳು ಮಾಡಿ ನೀರಿನಲ್ಲಿ ಕುದಿಸಿದ ಗೆಣಸು ನೀರು ಹೀರಿಕೊಂಡು ಹೂರಣ ಸಡಿಲಾಗುತ್ತದೆ. ಲಟ್ಟಿಸುವಾಗ ಕಣಕ ಹರಿದು ಮಣೆಗೆ ಅಂಟುತ್ತದೆ. ಆದ್ದರಿಂದ ಸಿಪ್ಪೆ ಸಹಿತ ಇಡಿಯಾಗಿ ಹಬೆಯಲ್ಲಿ ಬೇಯಿಸುವುದು ವಾಡಿಕೆ. ನಿಧಾನವಾಗಿ ಬೇಯಿಸಿದಷ್ಟೂ ಸಿಹಿ ಹೆಚ್ಚು. ಗಡ್ಡೆಯಲ್ಲಿರುವ ಅಮೈಲೇಸ್ ಎಂಬ ಕಿಣ್ವ ಸುಮಾರು 60ರಿಂದ 75 ಡಿಗ್ರಿ ಶಾಖದಲ್ಲಿ ಪಿಷ್ಟವನ್ನು ಮಾಲ್ಟೋಸ್ ಸಕ್ಕರೆಯಾಗಿ ಒಡೆಯುತ್ತದೆ. ಕುಕ್ಕರ್ ಆ ಹಂತವನ್ನು ಬೇಗ ದಾಟಿಬಿಡುತ್ತದೆ. ಒಲೆಯ ಬೂದಿಯಲ್ಲಿ ಹುಗಿದು ಸುಟ್ಟ ಗೆಣಸಿಗೆ ಕುಕ್ಕರಿನ ಗೆಣಸು ಸಾಟಿಯಾಗದಿರುವುದು ಇದರಿಂದಲೇ. ಬರೀ ಹಳೆಯದರ ಮೇಲಿನ ಮೋಹ ಅಲ್ಲ.

ಬೆಂದ ಗೆಣಸನ್ನು ಬಿಸಿ ಇರುವಾಗಲೇ ಸುಲಿದು ನುರಿಯಬೇಕು. ಆರಿದರೆ ಗಂಟು ಉಳಿಯುತ್ತದೆ. ನಾರನ್ನು ಆರಿಸಿ ತೆಗೆಯಬೇಕು. ತಾಳ್ಮೆ ಇಲ್ಲದವರು ಜರಡಿಗೆ ತಿಕ್ಕುತ್ತಾರೆ. ಒಂದು ಕಿಲೋ ಗೆಣಸಿಗೆ 300ರಿಂದ 350 ಗ್ರಾಂ ಬೆಲ್ಲ ಸಾಕು. ಬೇಳೆ ಹೋಳಿಗೆಯ ಸಮಾಸಮ ಲೆಕ್ಕ ಇಲ್ಲಿಗೆ ತಂದರೆ ಗೆಣಸಿನ ರುಚಿಯೇ ಮುಳುಗುತ್ತದೆ. ಬೆಲ್ಲ ಬಿದ್ದ ಕೂಡಲೇ ಹೂರಣ ನೀರಾಗುತ್ತದೆ. ಮೊದಲ ಸಲ ಮಾಡುವವರು ಹೆದರುವುದು ಇಲ್ಲಿಯೇ. ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತಿದ್ದರೆ ಮೊದಲು ದೊಡ್ಡ ಗುಳ್ಳೆಗಳು ಒಡೆದು ಕೈಗೆ ಸಿಡಿಯುತ್ತವೆ, ಆಮೇಲೆ ಸದ್ದು ತಗ್ಗುತ್ತದೆ, ಕೊನೆಗೆ ಮುದ್ದೆ ಪಾತ್ರೆಯ ತಳ ಬಿಟ್ಟು ಸವಟಿನ ಹಿಂದೆಯೇ ಹೊರಳುತ್ತದೆ. ಚೂರು ತೆಗೆದು ಆರಿಸಿ ಉಂಡೆ ಕಟ್ಟಿದಾಗ ಬೆರಳಿಗೆ ಅಂಟದಿದ್ದರೆ ಆಯಿತು. ಆಗ ಯಾಲಕ್ಕಿ, ಬೇಕಾದರೆ ತುಸು ಜಾಜಿಕಾಯಿ. ಹದ ತಪ್ಪಿದಾಗ ಪುಟಾಣಿ ಹಿಟ್ಟು ಕಲೆಸಿ ಗಟ್ಟಿ ಮಾಡುವವರಿದ್ದಾರೆ. ಹೋಳಿಗೆ ಉಳಿಯುತ್ತದೆ, ಆದರೆ ಪುಟಾಣಿಯ ವಾಸನೆ ಮುಂದೆ ಬರುತ್ತದೆ.

ಕಣಕಕ್ಕೆ ಗೋಧಿ ಹಿಟ್ಟು, ಅದರ ಜೊತೆ ಮೈದಾ ಅಥವಾ ಚಿರೋಟಿ ರವಾ, ಚಿಟಿಕೆ ಅರಿಸಿನ, ಉಪ್ಪು. ಎಣ್ಣೆ ಹಚ್ಚಿ ನಾದಿ, ತಾಸು ಹೊತ್ತು ನೆನೆಯಲು ಬಿಡಬೇಕು. ಕಣಕ, ಹೂರಣ ಎರಡೂ ಒಂದೇ ಹದಕ್ಕೆ ಮೆತ್ತಗಿರಬೇಕು. ಒಂದು ಗಟ್ಟಿ ಒಂದು ಸಡಿಲಾದರೆ ಲಟ್ಟಣಿಗೆ ಕೆಳಗೆ ಹೂರಣ ನಡುವೆಯೇ ಉಳಿದು ಅಂಚು ಬರೀ ಕಣಕವಾಗುತ್ತದೆ. ದಕ್ಷಿಣದ ಜಿಲ್ಲೆಗಳಲ್ಲಿ ಎಣ್ಣೆ ಹಚ್ಚಿದ ಎಲೆಯ ಮೇಲೆ ಕೈಯಿಂದ ತಟ್ಟುತ್ತಾರೆ. ಇಲ್ಲಿ ಹಿಟ್ಟು ಉದುರಿಸಿ ಲಟ್ಟಿಸುವುದೇ ಹೆಚ್ಚು. ಹಂಚು ಚೆನ್ನಾಗಿ ಕಾದಿರಬೇಕು, ಹೋಳಿಗೆ ತಿರುವುವುದು ಆದಷ್ಟು ಕಡಿಮೆ ಇರಬೇಕು.

ಬಡಿಸುವಾಗ ಹಾಲು, ತುಪ್ಪ. ಬೇಳೆ ಹೋಳಿಗೆ ಮಾಡಿದ ಮನೆಯಲ್ಲಿ ಬೇಳೆ ಬಸಿದ ಕಟ್ಟಿನಿಂದ ಖಾರದ ಸಾರೂ ಆಗುತ್ತದೆ, ಒಂದೇ ಒಲೆಯಲ್ಲಿ ಊಟದ ಎರಡು ತುದಿ ಮುಗಿಯುತ್ತವೆ. ಹಬೆಯಲ್ಲಿ ಬೇಯಿಸಿದ ಗೆಣಸಿನಿಂದ ಅಂಥ ಕಟ್ಟು ಸಿಗದು. ಹೋಳಿಹುಣ್ಣಿಮೆ, ಯುಗಾದಿಗಳಲ್ಲಿ ಬೇಳೆ ಹೋಳಿಗೆಯೇ ಪಟ್ಟದಲ್ಲಿರುವುದಕ್ಕೆ ಈ ಕಟ್ಟಿನ ಸಾರೂ ಒಂದು ಕಾರಣ ಎನ್ನಬೇಕು. ಬೇಳೆ ಬೇಯಿಸಿ ರುಬ್ಬುವ ಕೆಲಸವಿಲ್ಲದ್ದರಿಂದ ಗೆಣಸಿನದು ರವಿವಾರದ ಮಧ್ಯಾಹ್ನಕ್ಕೆ ಒದಗುತ್ತದೆ.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೆ ಅಂಗಡಿಯಲ್ಲಿ ಸುಲಭವಾಗಿ ಕಾಣುವುದು ಕಿತ್ತಳೆ ತಿರುಳಿನ ಗೆಣಸು. ಅಲ್ಲಿಯವರು ಅದನ್ನು ನುರಿದು, ಸಕ್ಕರೆ ಬೆಣ್ಣೆ ಕೂಡಿಸಿ, ಮೇಲೆ ಮಾರ್ಷ್‌ಮ್ಯಾಲೋ ಹರಡಿ ಓವನ್‌ನಲ್ಲಿ ಬೇಯಿಸಿ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಬಡಿಸುತ್ತಾರೆ. ಆ ಮಾರ್ಷ್‌ಮ್ಯಾಲೋ ಪದ್ಧತಿಯನ್ನು ಹಬ್ಬಿಸಿದ್ದು 1917ರಲ್ಲಿ ಮಿಠಾಯಿ ಕಂಪನಿಯೊಂದು ಬರೆಸಿದ ಪಾಕಪುಸ್ತಿಕೆ. ಕಿತ್ತಳೆ ಗೆಣಸಿನಲ್ಲಿ ಎ ಜೀವಸತ್ವವಾಗಿ ಮಾರ್ಪಡುವ ಬೀಟಾ ಕ್ಯಾರೋಟಿನ್ ಹೇರಳ, ಬಿಳಿಯದರಲ್ಲಿ ಅತ್ಯಲ್ಪ. ಆದರೆ ಕಿತ್ತಳೆಯದರಲ್ಲಿ ನೀರಿನಂಶ ಹೆಚ್ಚಿರುವುದರಿಂದ ಅದರ ಹೂರಣ ಹದಕ್ಕೆ ಬರಲು ಹೊತ್ತು ಬೇಕು; ಹಬೆಗಿಂತ ಓವನ್‌ನಲ್ಲಿ ಸಿಪ್ಪೆ ಸಹಿತ ಸುಡುವುದು ಮೇಲು.

ಗೆಣಸಿನ ಹೋಳಿಗೆ ಶೇಂಗಾ ಹೋಳಿಗೆಯಂತೆ ವಾರಗಟ್ಟಲೆ ಬಾಳದು, ಮರುದಿನದೊಳಗೆ ಮುಗಿಸಬೇಕು. ಕಣಕ ತೀರಿ ಹೂರಣ ಉಳಿದರೆ ಹಾಲು ಬೆರೆಸಿ ಕುದಿಸಿ ಖೀರು ಮಾಡುತ್ತಾರೆ. ಎರಡೂ ಒಂದಿಷ್ಟು ಉಳಿದರೆ ಮಡಚಿ ಎಣ್ಣೆಗೆ ಬಿಟ್ಟು ಕರಿದ ಕಡುಬು, ಅದು ಸಾಮಾನ್ಯವಾಗಿ ಒಲೆಯ ಹತ್ತಿರ ಕಾದು ನಿಂತ ಮಕ್ಕಳ ಪಾಲು.